ಕಾಲು ಹಿಡಿದರೆ ನೀರೊಂದೇ ಮದ್ದಲ್ಲ

ಮ್ಯಾರಥಾನಿನಲ್ಲಿ ಮೂವತ್ತನೇ ಕಿಲೋಮೀಟರ್ ದಾಟಿದ ಮೇಲೆ ರಸ್ತೆಬದಿ ನೋಡುತ್ತಾ ಹೋಗಿ. ಯಾರಾದರೊಬ್ಬರು ಮೀನಖಂಡ ಹಿಡಿದುಕೊಂಡು ಹಲ್ಲುಕಚ್ಚಿ ಕೂತಿರುತ್ತಾರೆ. ಸುತ್ತ ನಿಂತವರ ಸಲಹೆ ಎಲ್ಲ ಊರಲ್ಲೂ ಒಂದೇ: "ನೀರು ಸಾಲ್ದು ಸಾರ್, ಇನ್ನೂ ಕುಡೀರಿ." ಇನ್ನೊಬ್ಬರು ಬಾಳೆಹಣ್ಣು ಸುಲಿದು ಕೈಗಿಡುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು, ಅದರಲ್ಲಿ ಅನುಮಾನವಿಲ್ಲ. ಆದರೆ ಕಾಲು ಹಿಡಿದುಕೊಳ್ಳುವುದಕ್ಕೂ ಮೈಯಲ್ಲಿ ನೀರು ಕಡಿಮೆಯಾಗುವುದಕ್ಕೂ ನಾವು ಅಂದುಕೊಂಡಷ್ಟು ಗಟ್ಟಿ ನಂಟಿಲ್ಲ. ಇವೆರಡನ್ನೂ ಒಂದೇ ತೊಂದರೆಯೆಂದು ನೋಡುವುದರಿಂದ ಕಾಲುಸೆಳೆತ ನಿಲ್ಲುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಕೆಲವರು ಬೇಕಾದ್ದಕ್ಕಿಂತ ಹೆಚ್ಚು ನೀರು ಕುಡಿದು ಜೀವಕ್ಕೇ ಅಪಾಯ ತಂದುಕೊಳ್ಳುತ್ತಾರೆ. ಹಾಗಾಗಿ ಎರಡನ್ನೂ ಬಿಡಿಬಿಡಿಯಾಗಿ ನೋಡೋಣ.

ಉಪ್ಪು-ನೀರಿನ ವಾದ ಎಲ್ಲಿಂದಲೋ ಉದುರಿದ್ದಲ್ಲ. 1920ರ ದಶಕದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಬಿಸಿಯಲ್ಲಿ ದುಡಿಯುತ್ತಿದ್ದವರಿಗೆ ಕೈಕಾಲು, ಹೊಟ್ಟೆಯ ಸ್ನಾಯುಗಳು ಹಿಡಿದುಕೊಳ್ಳುತ್ತಿದ್ದವು. ಬೆವರು ಧಾರಾಳವಾಗಿ ಸುರಿಸಿ ಬರೀ ನೀರು ಕುಡಿಯುತ್ತಿದ್ದ ಅವರಿಗೆ ಉಪ್ಪು ಬೆರೆಸಿದ ನೀರು ಕೊಟ್ಟಾಗ ತೊಂದರೆ ಇಳಿಯಿತು. 1930ರ ದಶಕದ ಆರಂಭದಲ್ಲಿ ಅಮೆರಿಕದ ಹೂವರ್ ಅಣೆಕಟ್ಟು ಕಟ್ಟುತ್ತಿದ್ದ ಕೂಲಿಕಾರರಲ್ಲೂ ವೈದ್ಯರು ಇದನ್ನೇ ಕಂಡರು. ದಿನವಿಡೀ ಉರಿಬಿಸಿಲಲ್ಲಿ ದುಡಿದು, ಉಪ್ಪು ಬರಿದಾಗಿ, ಮೈಯ ಹಲವು ಕಡೆ ಒಟ್ಟೊಟ್ಟಿಗೆ ಬರುವ ಆ ಸೆಳೆತ ಇಂದಿಗೂ ನಿಜ. ಬಿಸಿಲಲ್ಲಿ ಗಂಟೆಗಟ್ಟಲೆ ಓಡುವ, ಉಪ್ಪುಬೆವರಿನ ಕೆಲವು ಓಟಗಾರರಿಗೂ ಅದು ಬರಬಹುದು.

ಮ್ಯಾರಥಾನಿನಲ್ಲಿ ಹೆಚ್ಚಿನವರಿಗೆ ಆಗುವುದು ಬೇರೆ. ಓಡುವಾಗ ಅತಿ ಹೆಚ್ಚು ದುಡಿದ ಸ್ನಾಯು, ಅಂದರೆ ಮೀನಖಂಡ, ತೊಡೆಯ ಹಿಂಭಾಗ ಅಥವಾ ಮುಂಭಾಗ, ಅದೊಂದೇ ಹಿಡಿದುಕೊಳ್ಳುತ್ತದೆ. ರಕ್ತದಲ್ಲಿ ಉಪ್ಪು ಇಳಿದದ್ದೇ ಕಾರಣವಾಗಿದ್ದರೆ ಒಂದೇ ಮೀನಖಂಡಕ್ಕೆ ಏಕೆ ಬರಬೇಕು? ರಕ್ತ ಹರಿಯುವುದು ಇಡೀ ಮೈಗೆ. ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರು ದಕ್ಷಿಣ ಆಫ್ರಿಕಾದ ಕ್ರೀಡಾವೈದ್ಯ ಮಾರ್ಟಿನ್ ಶ್ವೆಲ್ನಸ್. ದಣಿದ ಸ್ನಾಯುವಿನ ಮೇಲೆ ನರಗಳ ಹತೋಟಿ ತಪ್ಪುವುದೇ ಈ ಸೆಳೆತದ ಮೂಲ ಎಂದು ಅವರು 1997ರಲ್ಲಿ ವಾದಿಸಿದರು. ಕೇಪ್‌ಟೌನಿನ 56 ಕಿ.ಮೀ. ಟೂ ಓಷನ್ಸ್ ಓಟದಲ್ಲಿ ಕಾಲು ಹಿಡಿದವರ ಮತ್ತು ಹಿಡಿಯದವರ ರಕ್ತವನ್ನು ಹೋಲಿಸಿ ಅವರ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರಿನಂಶದಲ್ಲಾಗಲಿ ಲವಣಗಳಲ್ಲಾಗಲಿ ಸೆಳೆತಕ್ಕೆ ಕಾರಣವೆನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ. ಮುಂದೆ ಐರನ್‌ಮ್ಯಾನ್ ಸ್ಪರ್ಧಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಎದ್ದು ಕಂಡ ಅಂಶಗಳು ಎರಡು: ಹಿಂದೆಯೂ ಸೆಳೆತ ಬಂದಿರುವುದು, ಮತ್ತು ವೇಗ. ಸ್ಪೇನಿನ ವೆಲೆನ್ಸಿಯಾ ಮ್ಯಾರಥಾನಿನ ಓಟಗಾರರನ್ನು ಪರೀಕ್ಷಿಸಿದವರಿಗೂ ಕಾಲು ಹಿಡಿದವರಲ್ಲಿ ಹೆಚ್ಚು ಕಂಡದ್ದು ಸ್ನಾಯು ಜಖಂಗೊಂಡ ಗುರುತುಗಳೇ ಹೊರತು ನೀರಿನ ಕೊರತೆಯಲ್ಲ. ಕಾಲಿನ ಬಲಕ್ಕಾಗಿ ವ್ಯಾಯಾಮ ಮಾಡಿಕೊಂಡು ಬಂದವರು ಹಿಡಿತದಿಂದ ಪಾರಾದವರ ಗುಂಪಿನಲ್ಲಿ ಹೆಚ್ಚಿದ್ದರು.

ಒಳಗೆ ನಡೆಯುವುದು ಹೀಗೆ. ಸ್ನಾಯುವಿನೊಳಗಿನ ಒಂದು ಬಗೆಯ ನರತುದಿಗಳು ಬೆನ್ನುಹುರಿಗೆ "ಬಿಗಿ ಮಾಡು" ಎಂಬ ಸುದ್ದಿ ಕಳಿಸುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜುವಿನಲ್ಲಿರುವ ಇನ್ನೊಂದು ಬಗೆಯವು "ಸಾಕು, ಸಡಿಲಿಸು" ಎನ್ನುತ್ತವೆ. ದಣಿವು ಹೆಚ್ಚಿದಂತೆ ಮೊದಲನೆಯ ಸುದ್ದಿ ಜೋರಾಗುತ್ತದೆ, ಎರಡನೆಯದು ಕ್ಷೀಣಿಸುತ್ತದೆ. ಎತ್ತು ಎಳೆಯುತ್ತಲೇ ಇದೆ, ಮೂಗುದಾರದ ಹಗ್ಗ ಹಿಡಿದವನು ತೂಕಡಿಸಿದ್ದಾನೆ, ಅಷ್ಟೇ. ಮುಂಗಾಲಿನಿಂದ ನೆಲ ಒದೆಯುವಾಗ ಮೀನಖಂಡ ಗಿಡ್ಡವಾಗಿರುತ್ತದೆ, ಸ್ನಾಯುರಜ್ಜು ಸಡಿಲವಿರುತ್ತದೆ, "ಸಾಕು" ಎನ್ನುವ ದನಿ ಇನ್ನಷ್ಟು ಕುಗ್ಗಿರುತ್ತದೆ. ಹಿಡಿತ ಬರುವುದು ಬಹುಪಾಲು ಆ ಗಳಿಗೆಯಲ್ಲಿ. ಸ್ನಾಯುವನ್ನು ಎಳೆದು ಉದ್ದ ಮಾಡಿದೊಡನೆ ಬಿಡುವುದೂ ಇದೇ ಕಾರಣಕ್ಕೆ.

ಹಿಡಿದುಕೊಂಡ ಗಳಿಗೆಯಲ್ಲಿ

ಮೊದಲು ಓಟ ನಿಲ್ಲಿಸಿ ರಸ್ತೆಯ ಬದಿಗೆ ಬನ್ನಿ. ಮೀನಖಂಡವಾದರೆ ನೆಲದ ಮೇಲೆ ಕೂತು, ಮಂಡಿ ನೇರವಾಗಿಟ್ಟು, ಪಾದದ ತುದಿಯನ್ನು ಮೊಣಕಾಲಿನ ಕಡೆಗೆ ಎಳೆದುಕೊಳ್ಳಿ. ಕೂರಲು ಆಗದಿದ್ದರೆ ಗೋಡೆಯನ್ನೋ ದೀಪದ ಕಂಬವನ್ನೋ ಎರಡೂ ಕೈಯಿಂದ ಹಿಡಿದು, ಹಿಡಿದ ಕಾಲನ್ನು ಹಿಂದಕ್ಕಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ ಮುಂದಕ್ಕೆ ವಾಲಿ. ಜಗ್ಗಬೇಡಿ, ಕುಲುಕಬೇಡಿ. ಇಪ್ಪತ್ತು-ಮೂವತ್ತು ಸೆಕೆಂಡ್ ಸಮನಾಗಿ ಹಿಡಿದಿಟ್ಟರೆ ಗಂಟು ಕರಗುವುದು ಕೈಗೇ ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ಪಾದದ ಬೆರಳನ್ನು ನೀವೇ ಬಲ ಹಾಕಿ ಮೇಲಕ್ಕೆತ್ತಲು ಯತ್ನಿಸಿ. ಮೊಣಕಾಲಿನ ಕೆಳಗೆ ಮುಂಭಾಗದ ಸ್ನಾಯು ಬಿಗಿಯಾದಾಗ ಅದರ ಎದುರಿನ ಮೀನಖಂಡಕ್ಕೆ ಸಡಿಲವಾಗುವಂತೆ ಬೆನ್ನುಹುರಿಯಿಂದ ತಾನಾಗಿ ಸೂಚನೆ ಹೋಗುತ್ತದೆ.

ತೊಡೆಯ ಹಿಂಭಾಗ ಹಿಡಿದರೆ ಫುಟ್‌ಪಾತಿನ ಅಂಚಿನ ಮೇಲೆ ಹಿಮ್ಮಡಿ ಇಟ್ಟು, ಮಂಡಿ ಮಡಚದೆ, ಸೊಂಟದಿಂದ ಮುಂದಕ್ಕೆ ಬಾಗಿ. ಮುಂಭಾಗವಾದರೆ ಪಾದವನ್ನು ಹಿಂದಿನಿಂದ ಹಿಡಿದು ಪೃಷ್ಠದ ಕಡೆಗೆ ತನ್ನಿ. ಇದಕ್ಕೆ ಆಸರೆ ಬೇಕು, ಪಕ್ಕದಲ್ಲಿರುವವರ ಹೆಗಲು ಕೇಳಲು ನಾಚಬೇಡಿ. ನೀರಿನ ಮೇಜುಗಳ ಬಳಿ ನೋವಿನ ಸ್ಪ್ರೇ ಹಿಡಿದು ನಿಂತವರು ಇರುತ್ತಾರೆ. ಅದು ಚರ್ಮಕ್ಕೆ ತಂಪು ನೀಡಿ ನೋವು ಮರೆಸಬಲ್ಲದು, ಹಿಡಿತ ಬಿಡಿಸುವುದು ಎಳೆತವೇ. ಬಿಗಿದ ಸ್ನಾಯುವನ್ನು ಗುದ್ದುವುದು, ಬಲವಾಗಿ ಹಿಸುಕುವುದು ಬೇಡ.

ಬಿಟ್ಟಿತೆಂದು ಆ ಕೂಡಲೇ ಹಳೆಯ ವೇಗಕ್ಕೆ ಹೋದವರಿಗೆ ಅರ್ಧ ಕಿಲೋಮೀಟರಿನೊಳಗೆ ಮತ್ತೆ ಹಿಡಿಯುತ್ತದೆ. ಎರಡು-ಮೂರು ನಿಮಿಷ ನಡೆಯಿರಿ. ಬಳಿಕ ಹೆಜ್ಜೆ ಗಿಡ್ಡ ಮಾಡಿ, ವೇಗ ಇಳಿಸಿ ಓಡಿ. ಸೆಳೆತ ಹೇಳದೆ ಕೇಳದೆ ಬರುವಂಥದ್ದೂ ಅಲ್ಲ. ಅದಕ್ಕೆ ಮೊದಲು ಸ್ನಾಯುವಿನಲ್ಲಿ ಚರ್ಮದಡಿ ಹುಳು ಹರಿದಂಥ ಮಿಡಿತ ಶುರುವಾಗುತ್ತದೆ. ಆಗಲೇ ನಿಧಾನಿಸಿದವರು ಎಷ್ಟೋ ಸಲ ಗೆರೆ ಮುಟ್ಟುತ್ತಾರೆ.

ಉಪ್ಪಿನಕಾಯಿ ರಸದ ಮಾತು ನೀವು ಕೇಳಿರಬಹುದು. ಅದರಲ್ಲಿ ಹುರುಳಿದೆ, ಆದರೆ ಕಾರಣ ಬೇರೆ. ಅಮೆರಿಕದ ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲಿನ ಹೆಬ್ಬೆರಳಿನ ಸಣ್ಣ ಸ್ನಾಯುವಿನ ನರಕ್ಕೆ ವಿದ್ಯುತ್ ಹಾಯಿಸಿ ಸೆಳೆತ ಬರಿಸಿದರು. ಸೌತೆಕಾಯಿ ಉಪ್ಪಿನಕಾಯಿಯ ಹುಳಿನೀರನ್ನು ಮೈತೂಕದ ಪ್ರತಿ ಕೆ.ಜಿ.ಗೆ 1 ಮಿ.ಲೀ. ಲೆಕ್ಕದಲ್ಲಿ ಕುಡಿದವರಿಗೆ ನೀರು ಕುಡಿದವರಿಗಿಂತ ಬೇಗ ಬಿಟ್ಟಿತು, ಸುಮಾರು ಒಂದೂವರೆ ನಿಮಿಷದಲ್ಲಿ. ಅಷ್ಟು ಬೇಗ ಹೊಟ್ಟೆಯಿಂದ ಉಪ್ಪು ರಕ್ತಕ್ಕೆ ಸೇರಲು ಸಾಧ್ಯವಿಲ್ಲ. ಬಾಯಿ-ಗಂಟಲಿನ ನರತುದಿಗಳಿಗೆ ಬಿದ್ದ ಹುಳಿಯ ಹೊಡೆತವೇ ಬೆನ್ನುಹುರಿಯ ಅತಿಚುರುಕನ್ನು ತಗ್ಗಿಸಿರಬೇಕು ಎಂಬುದು ಅವರ ಊಹೆ. ನಮ್ಮ ಎಣ್ಣೆ-ಖಾರದ ಮಾವಿನ ಉಪ್ಪಿನಕಾಯಿ ಆ ಪ್ರಯೋಗದಲ್ಲಿರಲಿಲ್ಲ. ಓಡುವ ಹೊಟ್ಟೆಗೆ ಅಷ್ಟು ಖಾರ ಸಲ್ಲದಿರಬಹುದು. ನೋಡಲೇಬೇಕೆಂದರೆ ಉಪ್ಪು ಹಾಕಿದ ನಿಂಬೆರಸವನ್ನು ಪುಟ್ಟ ಬಾಟಲಿಯಲ್ಲಿಟ್ಟುಕೊಂಡು ಅಭ್ಯಾಸದ ದಿನ ಪರೀಕ್ಷಿಸಿ, ಸ್ಪರ್ಧೆಯ ದಿನ ಮೊದಲ ಸಲ ಬೇಡ.

ಬಾಳೆಹಣ್ಣಿನ ಬಗ್ಗೆ ಇಷ್ಟು ಸಾಕು: ಅದು ಒಳ್ಳೆಯ ಆಹಾರ, ಓಟಕ್ಕೆ ಬೇಕಾದ ಸಕ್ಕರೆ ಕೊಡುತ್ತದೆ. ಆದರೆ ಬೆವರಿನಲ್ಲಿ ಪೊಟ್ಯಾಸಿಯಂ ಹೋಗುವುದು ಅತ್ಯಲ್ಪ. ಹಾಗಾಗಿ ಹಣ್ಣು ತಿಂದದ್ದರಿಂದ ಹಿಡಿತ ಬಿಟ್ಟಿತು ಅನ್ನುವುದು ಬಹುಪಾಲು ಆ ಹೊತ್ತು ನಿಂತು ವಿಶ್ರಮಿಸಿದ್ದರ ಫಲ. ಕ್ವಿನೈನ್ ಮಾತ್ರೆಯನ್ನು ಕಾಲುಸೆಳೆತಕ್ಕೆ ನುಂಗುವ ಹಳೆಯ ರೂಢಿ ಅಪಾಯದ್ದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲೇ ಅದರ ವಿರುದ್ಧ ಎಚ್ಚರಿಸಿದೆ.

ನೀರು ಎಷ್ಟು ಬೇಕು

ಸೆಳೆತಕ್ಕೆ ನೀರು ಮದ್ದಲ್ಲ ಅಂದರೆ ನೀರೇ ಬೇಡ ಎಂದಲ್ಲ. ಬೆವರು ಮೈಯ ಬಿಸಿ ಇಳಿಸುವ ಮುಖ್ಯ ದಾರಿ. ನೀರು ತೀರಾ ಕಡಿಮೆಯಾದರೆ ರಕ್ತದ ಪ್ರಮಾಣ ತಗ್ಗಿ, ಹೃದಯಬಡಿತ ಏರಿ, ಮೈ ಕಾಯುತ್ತದೆ. ಓಡುವಾಗ ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೆ ಬೆವರು ಹರಿಯಬಹುದು. ಒಬ್ಬರಿಂದೊಬ್ಬರಿಗೆ ನಾಲ್ಕು ಪಟ್ಟು ಅಂತರವಿರುವಾಗ "ಪ್ರತಿ ಎರಡು ಕಿಲೋಮೀಟರಿಗೆ ಒಂದು ಲೋಟ" ಎಂಬ ಒಂದೇ ನಿಯಮ ಎಲ್ಲರಿಗೂ ಹೇಗೆ ಒಪ್ಪೀತು?

ನಿಮ್ಮ ಲೆಕ್ಕ ನೀವೇ ಕಂಡುಕೊಳ್ಳಬಹುದು, ಬೇಕಾದದ್ದು ಒಂದು ತೂಕದ ಯಂತ್ರ. ಓಟಕ್ಕೆ ಮುಂಚೆ ಮೂತ್ರ ಮಾಡಿ ಬಂದು ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಸ್ಪರ್ಧೆಯ ವೇಗದಲ್ಲಿ ಒಂದು ಗಂಟೆ ಓಡಿ, ಕುಡಿದ ನೀರನ್ನು ಅಳೆದಿಡಿ. ಬಂದ ಮೇಲೆ ಬೆವರೊರೆಸಿಕೊಂಡು ಮತ್ತೆ ತೂಕ ನೋಡಿ. 64 ಕೆ.ಜಿ. ಇದ್ದವರು 62.9ಕ್ಕೆ ಇಳಿದು, ನಡುವೆ 400 ಮಿ.ಲೀ. ಕುಡಿದಿದ್ದರೆ ಆ ಗಂಟೆಯ ಬೆವರು ಒಂದೂವರೆ ಲೀಟರ್. ಇದನ್ನು ತಂಪಿನ ದಿನ ಒಮ್ಮೆ, ಸೆಖೆಯ ದಿನ ಒಮ್ಮೆ ಮಾಡಿ, ಎರಡೂ ಅಂಕಿ ಬರೆದಿಡಿ. ಹೋದದ್ದನ್ನೆಲ್ಲ ಓಡುತ್ತಲೇ ತುಂಬಿಕೊಳ್ಳಬೇಕಿಲ್ಲ, ಹೊಟ್ಟೆ ಅಷ್ಟನ್ನು ತಾಳುವುದೂ ಇಲ್ಲ. ಓಟ ಮುಗಿದಾಗ ತೂಕ ಶೇ. 2ರ ಆಸುಪಾಸು ಇಳಿದಿದ್ದರೆ ಚಿಂತೆಯಿಲ್ಲ. ಹೆಚ್ಚಿನವರಿಗೆ ಗಂಟೆಗೆ 400ರಿಂದ 800 ಮಿ.ಲೀ. ಸಾಕು. ಸಣ್ಣ ಮೈಯವರು, ನಿಧಾನ ಓಡುವವರು ಕೆಳಗಿನ ಅಂಕಿಯ ಹತ್ತಿರವಿರಲಿ, ಬಿಸಿಲಲ್ಲಿ ವೇಗವಾಗಿ ಓಡುವ ದಪ್ಪ ಮೈಯವರು ಮೇಲಿನದರ ಹತ್ತಿರ. ಈ ಲೆಕ್ಕವೆಲ್ಲ ಮರೆತುಹೋದರೂ ಬಾಯಾರಿಕೆ ನಂಬಿ. ಬಾಯಾರಿದಾಗ ಕುಡಿಯಿರಿ, ಬಾಯಾರದಿದ್ದರೆ ನೀರಿನ ಮೇಜನ್ನು ದಾಟಿ ಹೋಗಿ.

ಓಟದ ಹಿಂದಿನ ರಾತ್ರಿ ಚೊಂಬುಗಟ್ಟಲೆ ಕುಡಿದು ನಿದ್ದೆ ಕೆಡಿಸಿಕೊಳ್ಳಬೇಡಿ. ಓಟಕ್ಕೆ ಎರಡು-ಮೂರು ಗಂಟೆ ಮುಂಚೆ 300ರಿಂದ 400 ಮಿ.ಲೀ. ಕುಡಿದರೆ ಅರುವತ್ತು ಕೆ.ಜಿ.ಯವರಿಗೆ ಸಾಕಾಗುತ್ತದೆ. ಬೆಳಗಿನ ಮೂತ್ರ ತಿಳಿಹಳದಿ ಇದ್ದರೆ ಸರಿಯಾಗಿದೆ ಎಂದು ಅರ್ಥ.

ಊರ ಹವೆಯೂ ಲೆಕ್ಕಕ್ಕೆ ಬರಬೇಕು. ಬೆಂಗಳೂರಿನ ಮುಂಜಾವಿನ ತಂಪಿನಲ್ಲಿ ತಿಂಗಳುಗಟ್ಟಲೆ ಓಡಿದವರು ಮುಂಬೈ ಮ್ಯಾರಥಾನಿಗೋ ಮಂಗಳೂರಿನ ಓಟಕ್ಕೋ ಹೋದಾಗ ಅದೇ ವೇಗ ಹಿಡಿದರೆ ಮೈ ಸೋಲುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರದೆ ಬರಿದೇ ಸುರಿಯುತ್ತದೆ, ತಂಪು ಸಿಗುವುದಿಲ್ಲ. ರಾಯಚೂರು, ಕಲಬುರಗಿ ಕಡೆ ಇದಕ್ಕೆ ತಿರುಗುಮುರುಗು: ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿರುತ್ತದೆ, ಎಷ್ಟು ಹೋಯಿತೆಂದು ತಿಳಿಯುವುದೇ ಇಲ್ಲ. ಸೆಖೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಗ್ಗಿದ ಮೈ ಬೆವರಿನಲ್ಲಿ ಉಪ್ಪನ್ನೂ ಉಳಿಸಿಕೊಳ್ಳಲು ಕಲಿಯುತ್ತದೆ. ಅಷ್ಟು ದಿನ ಮುಂಚೆ ಅಲ್ಲಿಗೆ ಹೋಗಿರಲು ಎಲ್ಲರಿಗೂ ಆಗದು. ಆಗದವರು ಕೊನೆಯ ಎರಡು ವಾರ ಕೆಲವು ಓಟಗಳನ್ನು ಬೆಳಗ್ಗೆ ಒಂಬತ್ತರ ಬಿಸಿಲಿಗೆ ಹಾಕಿಕೊಂಡರೆ ಅರ್ಧದಷ್ಟಾದರೂ ಲಾಭವಿದೆ.

ಅಡುಗೆಮನೆಯ ಉಪ್ಪು-ಸಕ್ಕರೆ

ಓಟ ಒಂದು ಗಂಟೆಯೊಳಗೆ ಮುಗಿಯುವುದಾದರೆ ಬರೀ ನೀರು ಸಾಕು. ಅದಕ್ಕಿಂತ ಉದ್ದದ ಓಟಕ್ಕೆ ಸಕ್ಕರೆ ಬೇಕು, ಜೊತೆಗೆ ತುಸು ಉಪ್ಪು. ಒಂದು ಲೀಟರ್ ನೀರಿಗೆ 50ರಿಂದ 60 ಗ್ರಾಂ ಸಕ್ಕರೆ ಅಥವಾ ಬೆಲ್ಲ, ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು. ಅಂಗಡಿಯ ಕ್ರೀಡಾಪೇಯದಲ್ಲಿ ಇರುವುದೂ ಹೆಚ್ಚುಕಡಿಮೆ ಇಷ್ಟೇ. ರಾಮನವಮಿಗೆ ಹಂಚುವ ಬೆಲ್ಲದ ಪಾನಕಕ್ಕೆ ಚಿಟಿಕೆ ಉಪ್ಪು ಬಿದ್ದರೆ ಅದೂ ಆದೀತು. ಕಪ್ಪು ಅಂಗಿಯ ಮೇಲೆ ಬಿಳಿ ಉಪ್ಪಿನ ಪಟ್ಟೆ ಮೂಡುವವರು, ಬೆವರು ಕಣ್ಣಿಗಿಳಿದರೆ ಉರಿಯುವವರು ಉಪ್ಪನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬಹುದು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಉಪ್ಪಿನ ತಂಟೆಗೆ ಹೋಗಬೇಡಿ.

ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಇದಕ್ಕೆ ಉಲ್ಟಾ. ಆದ್ದರಿಂದ ಓಟ ಮುಗಿದ ಮೇಲೆ ಎಳನೀರು ಕುಡಿದು ಜೊತೆಗೆ ಉಪ್ಪಿರುವ ಏನಾದರೂ ತಿನ್ನಿ. ನನ್ನ ಮಟ್ಟಿಗೆ ಓಟದ ನಂತರಕ್ಕೆ ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಮೀರಿಸುವ ಪೇಯ ಇಲ್ಲ. ನೀರು, ಉಪ್ಪು, ತುಸು ಪ್ರೋಟೀನ್ ಮೂರೂ ಒಂದೇ ಲೋಟದಲ್ಲಿ ಸಿಗುತ್ತವೆ. ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯಾದರೆ ಹಸಿವೂ ಇಳಿಯುತ್ತದೆ.

ಓಆರ್‌ಎಸ್ ಬಗ್ಗೆ ಒಂದು ಮಾತು. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಇದನ್ನು ಬಳಸಿ ಅಸಂಖ್ಯ ಜೀವ ಉಳಿಸಿದರು. ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇದೆ. ಭೇದಿಗೆ ಮಾಡಿದ ಮದ್ದಾದ್ದರಿಂದ ಉಪ್ಪು ಹೆಚ್ಚು, ಸಕ್ಕರೆ ಕಡಿಮೆ. ಓಡುವಾಗ ಬೇಕಾದ ಶಕ್ತಿ ಇದರಿಂದ ಸಿಗದು, ಬಹಳ ಬೆವರಿದ ಮೇಲೆ ಚೇತರಿಸಿಕೊಳ್ಳಲು ಚೆನ್ನಾಗಿದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ, ಕಡಿಮೆ ನೀರಿಗೆ ಹಾಕಿ ಗಟ್ಟಿ ಮಾಡಬೇಡಿ.

ಕಾಲಿಗೆ ಬಲ ಬೇಕು

ಹಿಡಿತ ಬಾರದಂತೆ ಮಾಡುವ ಕೆಲಸ ನಡೆಯಬೇಕಾದದ್ದು ಓಟದ ದಿನವಲ್ಲ, ಅದಕ್ಕೆ ಎರಡು-ಮೂರು ತಿಂಗಳು ಮುಂಚೆ. ಅಭ್ಯಾಸದ 30 ಕಿ.ಮೀ. ನಿಧಾನವಾಗಿ ಓಡಿದಾಗ ಏನೂ ಆಗದ ಕಾಲು ಸ್ಪರ್ಧೆಯಲ್ಲಿ ಅದೇ ದೂರಕ್ಕೆ ಹಿಡಿಯುವುದೇಕೆಂದರೆ, ಆ ವೇಗ ಅದಕ್ಕೆ ಹೊಸದು. ಉದ್ದ ಓಟಗಳ ಕೊನೆಯ ಕೆಲವು ಕಿಲೋಮೀಟರುಗಳನ್ನು ಸ್ಪರ್ಧೆಯ ವೇಗದಲ್ಲೇ ಓಡುವ ರೂಢಿ ಮಾಡಿಕೊಳ್ಳಿ. ಸ್ಪರ್ಧೆಯ ದಿನ ಮೊದಲ ಹತ್ತು ಕಿಲೋಮೀಟರುಗಳಲ್ಲಿ ಜನರ ಹುರುಪಿಗೆ ಮೈಮರೆತು ಮುನ್ನುಗ್ಗಬೇಡಿ. ಹೆಚ್ಚಿನ ಹಿಡಿತಗಳ ಬೀಜ ಬೀಳುವುದು ಅಲ್ಲೇ.

ವಾರಕ್ಕೆರಡು ದಿನ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು, ಹಿಮ್ಮಡಿಯನ್ನು ಮೇಲೆತ್ತಿ, ಮೂರೆಣಿಸುವಷ್ಟು ನಿಧಾನವಾಗಿ ಕೆಳಗಿಳಿಸಿ. ಹದಿನೈದರಂತೆ ಮೂರು ಸುತ್ತು. ಮಂಡಿ ನೇರ ಇಟ್ಟು ಒಮ್ಮೆ, ತುಸು ಮಡಚಿ ಒಮ್ಮೆ. ಎರಡರಲ್ಲಿ ದುಡಿಯುವ ಸ್ನಾಯುಗಳು ಬೇರೆಬೇರೆ. ಸುಲಭವೆನಿಸಿದಾಗ ಒಂಟಿ ಕಾಲಿನಲ್ಲಿ ಮಾಡಿ. ತೊಡೆಗೆ ಗರಡಿಮನೆಯ ಬಸ್ಕಿಯೇ ಸಾಕಷ್ಟು. ಬೆನ್ನಿನ ಮೇಲೆ ಮಲಗಿ ಮಂಡಿ ಮಡಚಿ ಸೊಂಟ ಎತ್ತುವ ವ್ಯಾಯಾಮ ತೊಡೆಯ ಹಿಂಭಾಗಕ್ಕೆ. ಮಲೆನಾಡಿನ ಕಾಫಿತೋಟಗಳ ಏರಿಳಿತದಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟಕ್ಕೆ ಹೋಗುವವರು ಇಳಿಜಾರು ಓಡುವುದನ್ನೂ ಕಲಿತಿರಬೇಕು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬಿಗಿಯಬೇಕಾಗುತ್ತದೆ, ಜಖಂ ಹೆಚ್ಚಾಗುವುದು ಹಾಗೆ. ಮೈಸೂರಿನವರಿಗೆ ಇದಕ್ಕೆ ಚಾಮುಂಡಿಬೆಟ್ಟದ ಮೆಟ್ಟಿಲುಗಳಿವೆ. ಹತ್ತುವವರು ಬಹಳ ಮಂದಿ, ಇಳಿಯುವುದನ್ನೂ ಅಭ್ಯಾಸವೆಂದು ಎಣಿಸುವವರು ಕಡಿಮೆ.

ಯಾವಾಗ ಓಟ ಬಿಡಬೇಕು

ಮೀನಖಂಡದಲ್ಲಿ ಯಾರೋ ಕಲ್ಲು ಬೀಸಿದಂತೆ ಒಮ್ಮೆಲೇ ಏಟು ಬಿದ್ದ ಅನುಭವವಾದರೆ ಅದು ಸೆಳೆತವಲ್ಲ, ಸ್ನಾಯು ಹರಿದಿರಬಹುದು. ಅದನ್ನು ಎಳೆಯಬೇಡಿ. ಓಟದ ಮಾರನೆಯ ದಿನ ಮೂತ್ರ ಕಾಫಿ ಡಿಕಾಕ್ಷನ್‌ನಂತೆ ಕಪ್ಪಗೆ ಬಂದರೆ ಸ್ನಾಯುಗಳು ಒಡೆದು ಅವುಗಳ ಕಸ ಮೂತ್ರಪಿಂಡಕ್ಕೆ ಇಳಿಯುತ್ತಿದೆ ಎಂದರ್ಥ, ಅಂದೇ ಆಸ್ಪತ್ರೆಗೆ ಹೋಗಿ. ಮೂತ್ರಪಿಂಡದ ಮೇಲೆ ಹೊರೆ ಹೆಚ್ಚುವುದರಿಂದ ಓಟಕ್ಕೆ ಮುಂಚೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಬಿಸಿಲಲ್ಲಿ ಓಡುವವರು ತೊದಲಿದರೆ, ದಿಕ್ಕುತಪ್ಪಿ ಓಡಿದರೆ, ಮೈ ಸುಡುತ್ತಿದ್ದರೆ ಅದು ಶಾಖಾಘಾತ. ಆಂಬುಲೆನ್ಸ್ ಬರುವವರೆಗೆ ಕಾಯದೆ ಸಿಕ್ಕಿದ ತಣ್ಣೀರು, ಐಸನ್ನೆಲ್ಲ ಮೈಮೇಲೆ ಸುರಿಯಿರಿ.

ಇನ್ನು ಅತಿನೀರಿನ ಅಪಾಯ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಬೆವರಿದ್ದಕ್ಕಿಂತ ಹೆಚ್ಚು ಕುಡಿದರೆ ಅದು ತೆಳುವಾಗಿ, ಮಿದುಳು ಊದಿಕೊಳ್ಳುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಇಳಿದಿತ್ತು. ಅದೇ ಓಟದಲ್ಲಿ 28 ವರ್ಷದ ಓಟಗಾರ್ತಿಯೊಬ್ಬರು ಇದರಿಂದಲೇ ತೀರಿಕೊಂಡರು. ಓಟದ ನಡುವೆ ತೂಕ ಏರಿದವರಲ್ಲಿ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲಿ ಇದು ಹೆಚ್ಚು ಕಂಡಿತ್ತು. ಉಂಗುರ, ಕೈಗಡಿಯಾರ ಬಿಗಿಯಾಗುವುದು, ಹೊಟ್ಟೆಯಲ್ಲಿ ನೀರು ಕುಲುಕುವುದು, ತಲೆನೋವು, ವಾಂತಿ, ಗಲಿಬಿಲಿ ಇದರ ಗುರುತುಗಳು. ಇಂಥವರಿಗೆ ಬರೀ ನೀರು ಕೊಡಲೇಬಾರದು. ಆಸ್ಪತ್ರೆಯಲ್ಲಿ ಮಾಮೂಲಿ ಸಲೈನ್ ಡ್ರಿಪ್ ಹಾಕಿದರೂ ಸ್ಥಿತಿ ಬಿಗಡಾಯಿಸಬಹುದು, ಅವರಿಗೆ ಬೇಕಾದದ್ದು ಗಟ್ಟಿ ಉಪ್ಪಿನ ದ್ರಾವಣ. ಓಟದ ಮೈದಾನದಿಂದ ನಿಮ್ಮವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದರೆ ಎಷ್ಟು ಹೊತ್ತು ಓಡಿದರು, ಎಷ್ಟು ಕುಡಿದರು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಡ್ರಿಪ್ ಹಾಕುವ ಮುನ್ನ ರಕ್ತದ ಸೋಡಿಯಂ ನೋಡಿ ಎಂದು ಸಂಕೋಚವಿಲ್ಲದೆ ಕೇಳಿ.